ಟಾಲ್ಬರ್ಟ್‌ಗೆ ಬದಲಾಗಿ ಇಬ್ಬರು

ಭಾನುವಾರ ಬೆಳಿಗ್ಗೆ ರೇಡಿಯೊ ಆ ಸುದ್ದಿ ಹೇಳಿದಾಗ ಎಮಿಲ್ ಚರ್ಚಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದ. ಅವನ ಮೆಚ್ಚಿನ ಬೇಸ್‌ಬಾಲ್ ತಂಡದವರು ಚೆಂಡೆಸೆಯುವ ಪಿಚರ್ ವೆಸ್ ಟಾಲ್ಬರ್ಟ್‌ನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟಿದ್ದರು. ಆಟಗಾರರ ಅದಲುಬದಲಿಗೆ ಜೂನ್ ಹದಿನೈದೇ ಕೊನೆಯ ದಿನ. ಇನ್ನೇನು ಗಡುವು ಮುಗಿಯಿತು ಅನ್ನುವಾಗ, ಅವನನ್ನು ಕೊಟ್ಟು ಚೆಂಡು ಹಿಡಿಯುವ ಒಬ್ಬ ಕ್ಯಾಚರನನ್ನೂ ಹೆಸರೇ ಕೇಳಿರದ ಇನ್ನೊಬ್ಬ ಹುಡುಗನನ್ನೂ ತಂದುಕೊಂಡಿದ್ದರು.

ಒಂಬತ್ತು ವರ್ಷ! ಒಂಬತ್ತು ವರ್ಷ ಆ ಎಡಗೈಯವನು ಈ ದರಿದ್ರ ತಂಡಕ್ಕಾಗಿ ಚೆಂಡೆಸೆದು ತೋಳು ಸವೆಸಿದ್ದ. ತಂಡ ಒಂದು ಸಲವಾದರೂ ಕೊನೆಯ ಮೂರು ಸ್ಥಾನ ಬಿಟ್ಟು ಮೇಲೆದ್ದಿದ್ದರೆ ಕೇಳಿ. ಅವನು ಮಾತ್ರ ನಾಲ್ಕು ದಿನ ತೋಳಿಗೆ ವಿಶ್ರಾಂತಿ ಕೊಟ್ಟು, ಐದನೆಯ ದಿನ ತಪ್ಪದೆ ಚೆಂಡೆಸೆಯುವ ದಿಬ್ಬದ ಮೇಲೆ ಬಂದು ನಿಲ್ಲುತ್ತಿದ್ದ. ಮಾಲೀಕರಿಗೆ ಅದೆಲ್ಲ ಯಾವ ಲೆಕ್ಕ? ಇವರ ಮನೆ ಹಾಳಾಗ ಎಂದು ಬೈದು ಎಮಿಲ್ ಕೈಯಲ್ಲಿದ್ದ ಶೂವನ್ನು ಮೂಲೆಗೆ ಎಸೆದ. ಆಮೇಲೆ ರೂಡಿಯ ನೆನಪಾಯಿತು.

ರೂಡಿ ಅವನ ತಮ್ಮ. ವಯಸ್ಸು ನಲವತ್ತನಾಲ್ಕು, ಬುದ್ಧಿ ಎಂಟು ವರ್ಷದ ಮಗುವಿನದು. ಚಳಿಗಾಲದಲ್ಲಿ ತಾಯಿ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದಿದ್ದ. ಬಂದವನು ಎರಡು ಸಲ ಒಲೆ ಹಚ್ಚಿ ಮರೆತ. ಎರಡನೆಯ ಸಲ ಕಿಟಕಿಯ ಪರದೆಗೆ ಬೆಂಕಿ ಹತ್ತಿ, ಆರಿಸಲು ಹೋದ ಎಮಿಲ್‌ನ ಹೆಂಡತಿ ಐರೀನಳ ಮುಂಗೈ ಸುಟ್ಟಿತು. ಹಗಲೆಲ್ಲ ಎಮಿಲ್ ಟೈರ್ ಕಾರ್ಖಾನೆಯಲ್ಲಿರುತ್ತಿದ್ದ, ಮನೆಯಲ್ಲಿ ಏಗಬೇಕಾದವಳು ಅವಳೊಬ್ಬಳೇ. ಪಾಪ, ಕೆಟ್ಟವಳಲ್ಲ, ಸುಸ್ತಾಗಿ ಹೋಗಿದ್ದಳು ಅಷ್ಟೆ. ಮೂರು ವಾರದ ಹಿಂದೆ ಎಮಿಲ್ ಕಾಗದಗಳಿಗೆ ಸಹಿ ಹಾಕಿದ್ದ. ಸೋಮವಾರ, ಅಂದರೆ ನಾಳೆಯೇ, ರೂಡಿಯನ್ನು ಎಂಬತ್ತು ಮೈಲಿ ಆಚೆ ಇಂಥವರನ್ನು ನೋಡಿಕೊಳ್ಳುವ ಸರ್ಕಾರಿ ಮನೆಗೆ ಸೇರಿಸಬೇಕು. ರೂಡಿಗೆ ಇನ್ನೂ ಹೇಳಿರಲಿಲ್ಲ. ಹೇಳಲು ಎಮಿಲ್‌ಗೆ ಬಾಯಾದರೂ ಹೇಗೆ ಬರಬೇಕು?

ರೂಡಿ ತಂಡದ ಟೋಪಿ ಹಾಕಿಕೊಂಡೇ ಮೆಟ್ಟಿಲಿಳಿದು ಬಂದ.

"ಎಮಿಲ್, ಇವತ್ತು ಟಾಲ್ಬರ್ಟ್ ಕಣೋ! ರೇಡಿಯೊ ಯಾಕೋ ಆಫ್ ಮಾಡ್ದೆ?"

"ಬಾ, ಕೂತ್ಕೋ. ಮೊದ್ಲು ಕಾಫಿ ಕುಡಿ."

"ಮಳೆ ಅಂತಾ? ಆಟ ಇಲ್ವಾ?"

"ಆಟ ಇದೆ. ಟಾಲ್ಬರ್ಟ್ ಇಲ್ಲ. ಅವನನ್ನ ಬೇರೆ ತಂಡಕ್ಕೆ ಕೊಟ್ಬಿಟ್ರಂತೆ ಕಣೋ."

"ಹೋಗೋ, ಸುಳ್ಳ!" ಎಂದು ರೂಡಿ ನಕ್ಕ. ಅಣ್ಣನ ಮುಖ ನೋಡಿದ ಮೇಲೆ ನಗು ನಿಂತಿತು. ಆಮೇಲೆ ಶುರುವಾಯಿತು ನೋಡಿ. ಎರಡೂ ಮುಷ್ಟಿಯಿಂದ ಮೇಜು ಗುದ್ದಿದ, ಕಾಫಿ ಚೆಲ್ಲಿತು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಷ್ಟು ಜೋರಾಗಿ ಅತ್ತ.

"ಅವನೇನು ತಪ್ಪು ಮಾಡಿದ್ದ? ಮಂಗಳವಾರ ಸೋತಿದ್ದಕ್ಕಾ? ಚೆಂಡು ಕೈ ಬಿಟ್ಟಿದ್ದು ಶಾರ್ಟ್‌ಸ್ಟಾಪ್‌ನಲ್ಲಿ ನಿಂತಿದ್ದೋನು ಕಣೋ! ಟಾಲ್ಬರ್ಟ್ ಅಲ್ಲ!"

ಐರೀನ್ ಮೇಜು ಒರೆಸಿದಳು. ಎಮಿಲ್ ತಮ್ಮನ ಹೆಗಲು ಹಿಡಿದುಕೊಂಡ. ಒಂದು ಗಳಿಗೆಯ ಹಿಂದೆ ಮಾಲೀಕರಿಗೆ ಹಿಡಿಶಾಪ ಹಾಕಿದ ಬಾಯಲ್ಲೇ ಈಗ ಅವರ ಪರವಾಗಿ ಮಾತು ಬಂತು.

"ತಪ್ಪಿಗಲ್ಲ ಕಣೋ, ಹುಚ್ಚಪ್ಪ. ಚೆನ್ನಾಗಿ ಆಡ್ತಾನೆ ಅಂತಾನೇ ಅವ್ರು ಕೇಳಿದ್ದು. ಕೆಲಸಕ್ಕೆ ಬಾರದೋನಿಗೆ ಬದಲಾಗಿ ಯಾರಾದ್ರೂ ಏನಾದ್ರೂ ಕೊಡ್ತಾರಾ? ಇವನೊಬ್ಬನಿಗೆ ಇಬ್ಬರನ್ನ ಕೊಟ್ಟಿದಾರೆ!"

ರೂಡಿ ತೋಳಿನಿಂದ ಮೂಗು ಒರೆಸಿಕೊಂಡ. "ಇಬ್ಬರನ್ನಾ?"

"ಹೂಂ ಮತ್ತೆ! ಒಬ್ಬನಿಗೆ ಇಬ್ಬರು."

"ಹಾಗಾದ್ರೆ ಟಾಲ್ಬರ್ಟ್ ಭಾರಿ ಆಟಗಾರ ಅಂತ ಅವ್ರಿಗೂ ಗೊತ್ತು."

"ಗೊತ್ತಿಲ್ದೆ ಏನು?"

ಅಳು ಇಳಿಯಿತು. ಐರೀನ್ ಗಸಗಸೆ ಬ್ರೆಡ್ಡಿನ ದಪ್ಪ ಹೋಳೊಂದನ್ನು ಅವನ ಮುಂದಿಟ್ಟು, ಗಂಡನ ಕಡೆ ತಿರುಗಿ ಹುಬ್ಬೆತ್ತಿದಳು. ಈಗಲಾದರೂ ಹೇಳು ಎಂಬುದು ಅವಳ ಇಂಗಿತ. ಎಮಿಲ್‌ಗೂ ಇದೇ ಸರಿಯಾದ ಸಮಯ ಅನ್ನಿಸಿತು. ದಾರಿ ತಾನಾಗಿಯೇ ತೆರೆದಿದೆ ಎಂದುಕೊಂಡ ಬಡಪಾಯಿ.

"ರೂಡಿ, ನಾಳೆ ನೀನೂ ಒಂದು ಹೊಸ ಜಾಗಕ್ಕೆ ಹೋಗ್ಬೇಕು. ದೊಡ್ಡ ಅಂಗಳ ಇದೆ. ಜೊತೆಗೆ ಜನ ಇರ್ತಾರೆ. ರೇಡಿಯೊನೂ ಇದೆ, ನಾನೇ ಕೇಳ್ಕೊಂಡು ಬಂದಿದೀನಿ."

"ಸಾಯಂಕಾಲ ವಾಪಸ್ ಬರ್ತೀನಲ್ಲ?"

"ಇಲ್ಲಪ್ಪ. ಅಲ್ಲೇ ಇರೋದು. ನಾನು ತಿಂಗಳಿಗೊಂದ್ಸಲ ಬರ್ತೀನಿ."

ಬಾಯಲ್ಲಿದ್ದ ತುತ್ತನ್ನು ರೂಡಿ ನಿಧಾನವಾಗಿ ನುಂಗಿದ. "ನನ್ನನ್ನೂ ಕೊಟ್ಬಿಟ್ಯಾ?"

ಎಮಿಲ್ ಬ್ರೆಡ್ಡಿನ ಹೋಳನ್ನು ಅವನ ಕಡೆ ಸರಿಸಿದ. "ಹಾಗೇ ಅಂದ್ಕೋ."

ರೂಡಿ ಅಳುತ್ತಾನೆಂದು ಇಬ್ಬರೂ ಕಾದರು. ಅವನು ಅಳಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು ಟೋಪಿ ಸರಿಮಾಡಿಕೊಂಡ. ಮುಖ ಗೆಲುವಾಗಿತ್ತು.

"ನನಗೆ ಬದಲಾಗಿ ಯಾರು ಬರ್ತಾರೆ?"

ತನ್ನ ಹಾಸಿಗೆ ಇನ್ನೊಬ್ಬರ ಪಾಲಾಗುತ್ತದೆಂದು ತಮ್ಮ ಹೆದರಿದ್ದಾನೆ ಎಂದುಕೊಂಡ ಎಮಿಲ್. ಅವನ ಕಣ್ಣು ತುಂಬಿತು.

"ಯಾರೂ ಬರಲ್ಲ ಕಣೋ! ನಿನ್ನ ಜಾಗಕ್ಕೆ ಇನ್ನೊಬ್ಬನ್ನ ತರ್ತೀನಾ ನಾನು? ಅಮ್ಮನಾಣೆ, ಯಾರೂ ಇಲ್ಲ."

"ಒಬ್ಬನೂ ಇಲ್ವಾ?"

"ಒಬ್ಬನೂ ಇಲ್ಲ."

ರೂಡಿ ಐರೀನಳ ಮುಖ ನೋಡಿದ. ಅವಳೂ ಸಮಾಧಾನ ಮಾಡುವ ಹಾಗೆ ಇಲ್ಲವೆಂದು ತಲೆಯಾಡಿಸಿದಳು. ಅವನ ಮುಖ ಇಳಿದುಹೋಯಿತು. ತಾನು ಆಡಿದ ಮಾತೇನೆಂಬುದು ಎಮಿಲ್‌ಗೆ ಆಗ ಹೊಳೆಯಿತು, ಆದರೆ ಬಾಯಿಂದ ಹೊರಟುಹೋಗಿತ್ತು.

"ಯಾರನ್ನೂ ಕೊಡೋದು ಬೇಡ, ಸುಮ್ನೆ ಕರ್ಕೊಂಡ್ಹೋಗಿ ಅಂದ್ಯಾ?" ಎಂದ ರೂಡಿ. "ನಾನು ಅಷ್ಟು ಕೆಟ್ಟದಾಗಿ ಆಡಿದ್ನಾ ಎಮಿಲ್?"