ಉಜ್ಜಿದ ಬೆಸುಗೆ

ಜೋಯ್‌ಸ್ಟನ್‌ನ ಬೆಸುಗೆಯಲ್ಲಿ ಎಷ್ಟು ತೂತುಗಳಿದ್ದವೆಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದ ಜೋಕಿಮ್ ಮೇಸ್ತ್ರಿಗಂತೂ ಗೊತ್ತೇ ಇರಲಿಲ್ಲ. ನನಗೆ ಗೊತ್ತಿತ್ತು. ಹನ್ನೊಂದು ತಿಂಗಳು ಅವುಗಳನ್ನು ಮುಚ್ಚಿದ್ದು ನಾನು.

ನಾವಿಬ್ಬರೂ ಐಟಿಐಯಲ್ಲಿ ಒಂದೇ ಬೆಂಚಿನವರು, ವೆಲ್ಡರ್ ಟ್ರೇಡ್. ಅಂಕ ನನಗೇ ಹೆಚ್ಚು. ಇಬ್ಬರೂ ಒಂದೇ ದಿನ ಹಿರಿಯಡ್ಕದಲ್ಲಿ ಜೋಕಿಮ್ ಮೇಸ್ತ್ರಿಯ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿದೆವು. ಒಂದು ವರ್ಷದ ಕರಾರು, ಆನ್‌ಲೈನ್‌ನಲ್ಲಿ ನೋಂದಣಿ, ಕೊನೆಗೆ ಮಣಿಪಾಲದಲ್ಲಿ ಪರೀಕ್ಷೆ, ಪಾಸಾದರೆ ಸರ್ಕಾರದ ಸರ್ಟಿಫಿಕೇಟ್. ಕರಾರಿನಲ್ಲಿ ಇಬ್ಬರಿಗೂ ಒಂದೇ ಪಾಠ ಬರೆದಿತ್ತು. ವರ್ಕ್‌ಶಾಪಿನಲ್ಲಿ ಹಾಗಿರಲಿಲ್ಲ.

ಮೊದಲ ವಾರವೇ ಮೇಸ್ತ್ರಿ ಬೆಸುಗೆ ಕಡ್ಡಿ ಹಿಡಿಯುವ ಹೋಲ್ಡರನ್ನು ಜೋಯ್‌ಸ್ಟನ್‌ನ ಕೈಗೆ ಕೊಟ್ಟರು, ಬೆಸುಗೆ ಉಜ್ಜುವ ಗ್ರೈಂಡರನ್ನು ನನ್ನ ಕೈಗೆ. ಹುಡುಗಿಯರಿಗೆ ಫಿನಿಶಿಂಗ್ ಚೆನ್ನಾಗಿ ಬರುತ್ತದೆ ಎಂದರು. ಹೊಗಳಿದ ಹಾಗೆ ಹೇಳಿದ್ದರಿಂದ ನನಗೆ ಜಗಳ ಮಾಡಲೂ ಆಗಲಿಲ್ಲ. ನನಗೆ ಕೆಲಸ ಹೇಳುವಾಗ ತುಳು, ಅವನಿಗೆ ವಿದ್ಯೆ ಹೇಳುವಾಗ ಕೊಂಕಣಿ. ಕಡ್ಡಿಯನ್ನು ಎಷ್ಟು ಓರೆ ಹಿಡಿಯಬೇಕು, ಕರೆಂಟು ಎಷ್ಟಿಡಬೇಕು, ಎಲ್ಲಿ ಕೈ ನಿಧಾನ ಮಾಡಬೇಕು, ಎಲ್ಲವೂ ಕೊಂಕಣಿಯಲ್ಲಿ. ಮೇಸ್ತ್ರಿ ಬೇಕೆಂದು ಹಾಗೆ ಮಾಡಿದ್ದಲ್ಲ, ಅವರಿಬ್ಬರ ಮನೆಮಾತು ತಾನಾಗಿ ಬರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಮೈ ಉರಿಯುತ್ತಿತ್ತು.

ನಮ್ಮ ಕಡೆ ಗೇಟು ಮಾಡಿಸುವವರದ್ದು ಒಂದು ಅಭ್ಯಾಸ. ದುಬಾಯಿಯಿಂದ ರಜೆಗೆ ಬಂದವರು ಕಾಪುವಿನಲ್ಲಿ ಮನೆ ಕಟ್ಟಿಸುತ್ತಾರೆ, ಗೇಟು ನೋಡಲು ಬರುತ್ತಾರೆ, ಮೊದಲು ಜೋಡಣೆಯ ಮೇಲೆ ಬೆರಳಾಡಿಸುತ್ತಾರೆ. ಬೆರಳಿಗೆ ಏನೂ ಸಿಗಬಾರದು. ಬೆಸುಗೆ ಹಾಕಿದ್ದೇ ಗೊತ್ತಾಗಬಾರದು. ಆದ್ದರಿಂದ ಹಾಕಿದ ಬೆಸುಗೆಯನ್ನೆಲ್ಲ ಉಜ್ಜಿ ಸಮ ಮಾಡಿ, ಮೇಲೆ ಪುಟ್ಟಿ ಹಚ್ಚಿ, ಬಣ್ಣ ಬಳಿಯುವುದು ನಮ್ಮಲ್ಲಿ ಪದ್ಧತಿ. ನಾನು ಉಜ್ಜುವಾಗ ಜೋಯ್‌ಸ್ಟನ್‌ನ ತೂತುಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ಮೇಸ್ತ್ರಿ ಚಹಾಕ್ಕೆ ಹೋದಾಗ ನಾನೇ ಹೋಲ್ಡರ್ ತೆಗೆದುಕೊಂಡು ಅವನ್ನು ತುಂಬಿಸಿ ಮತ್ತೆ ಉಜ್ಜುತ್ತಿದ್ದೆ. ಗಿರಾಕಿ ಬೆರಳಾಡಿಸಿ ತಲೆದೂಗುತ್ತಿದ್ದ. ಮೇಸ್ತ್ರಿ ಜೋಯ್‌ಸ್ಟನ್‌ನ ಬೆನ್ನು ತಟ್ಟುತ್ತಿದ್ದರು.

ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಮನೆಯಿಂದ ತಂದ ಇಡ್ಲಿಯಂಥ ಸಾನ್ನವನ್ನು ಅರ್ಧ ನನಗೆ ಕೊಡುತ್ತಿದ್ದ. ನಾನು ಪೆರ್ಡೂರಿನ ಬಸ್ಸು ಹತ್ತುವವರೆಗೆ ಬೈಕಿನ ಹತ್ತಿರ ನಿಂತಿರುತ್ತಿದ್ದ. ಅವನ ಒಳ್ಳೆಯತನದಿಂದ ನನ್ನ ಹೊಟ್ಟೆಕಿಚ್ಚು ಒಂದಿಷ್ಟೂ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು.

ಪರೀಕ್ಷೆಗೆ ಎರಡು ವಾರ ಇರುವಾಗ ಮೇಸ್ತ್ರಿಗೆ ಪಡುಬಿದ್ರಿಯಲ್ಲಿ ದೊಡ್ಡ ಕೆಲಸ ಸಿಕ್ಕಿತು. ಗೋದಾಮಿನ ಕಬ್ಬಿಣದ ಕಂಬ, ತೊಲೆಗಳ ಕೆಲಸ. ಅಲ್ಲಿ ಸರ್ಟಿಫಿಕೇಟ್ ಇಲ್ಲದವರು ಕಡ್ಡಿ ಮುಟ್ಟುವ ಹಾಗಿಲ್ಲವಂತೆ. ಮೇಸ್ತ್ರಿಯ ಹತ್ತಿರ ಮೂವತ್ತು ವರ್ಷದ ಅನುಭವವಿತ್ತು, ಕಾಗದ ಇರಲಿಲ್ಲ. ಪಾಸಾದ ಒಬ್ಬರನ್ನು ಖಾಯಂ ಇಟ್ಟುಕೊಳ್ಳುತ್ತೇನೆ ಎಂದರು. ಒಬ್ಬರು ಎನ್ನುವಾಗ ಅವರ ಕಣ್ಣು ಎಲ್ಲಿತ್ತೆಂದು ಹೇಳಬೇಕಾಗಿಲ್ಲ. ನನಗೆ ಆ ಕೆಲಸ ಬೇಕಿತ್ತು. ಬೇರೆ ಯಾವ ವರ್ಕ್‌ಶಾಪಿನವನೂ ಹುಡುಗಿಗೆ ಹೋಲ್ಡರ್ ಕೊಡುವುದಿಲ್ಲ, ಪುನಃ ಗ್ರೈಂಡರನ್ನೇ ಕೊಡುತ್ತಾನೆ ಎಂದು ನನಗೆ ಗೊತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಮಣಿಪಾಲದ ಕೇಂದ್ರದಲ್ಲಿ ನಿಯಮ ತಿಳಿಸುವ ತರಗತಿ ಇತ್ತು. ಮೇಸ್ತ್ರಿ ಜೋಯ್‌ಸ್ಟನ್‌ನನ್ನು ಪಡುಬಿದ್ರಿಯ ಜಾಗ ತೋರಿಸಲು ಕರೆದುಕೊಂಡು ಹೋದರು. ನನಗೆ ಹೇಳಿದ್ದು, ನೀನು ಹೋಗಿ ಕೇಳಿಕೊಂಡು ಬಂದು ಅವನಿಗೆ ಹೇಳು ಎಂದು. ಪಾಸಾಗುವ ಮೊದಲೇ ಅವನಿಗೆ ಜಾಗ ತೋರಿಸುವುದು, ನಾನು ಅವನ ಪರವಾಗಿ ಪಾಠ ಕೇಳಿಕೊಂಡು ಬರುವುದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ತರಗತಿಯಲ್ಲಿ ಪರೀಕ್ಷಕರು ಎಲ್ಲವನ್ನೂ ಎರಡೆರಡು ಸಲ ಹೇಳಿದರು. ಆಧಾರ್ ತರಬೇಕು, ಚರ್ಮದ ಶೂ ಬೇಕು. ಎರಡು ಪ್ಲೇಟುಗಳ ಅಂಚನ್ನು ಓರೆಯಾಗಿ ಉಜ್ಜಿ, ಜೋಡಿಸಿ ಬೆಸೆಯಬೇಕು. ಬೆಸೆದ ಮೇಲೆ ಬ್ರಶ್ಶಿನಿಂದ ಕಿಟ್ಟ ತೆಗೆಯಬಹುದು, ಅಷ್ಟೇ. ಬೆಸುಗೆಯ ಮುಖಕ್ಕೆ ಗ್ರೈಂಡರ್ ತಾಗಿಸಿದರೆ ಆ ಪ್ಲೇಟು ತಿರಸ್ಕೃತ. ಮುಖ ಉಜ್ಜಿದ ಬೆಸುಗೆಯಲ್ಲಿ ಬೆಸೆದವರ ಕೈ ಕಾಣುವುದಿಲ್ಲ ಎಂದರು. ಹಿಂದಿನ ಸಲ ಗೇಟಿನ ಅಂಗಡಿಗಳಿಂದ ಬಂದ ನಾಲ್ವರು ಹೀಗೆಯೇ ಹೋದರಂತೆ.

ಸಂಜೆ ಜೋಯ್‌ಸ್ಟನ್ ಫೋನ್ ಮಾಡಿದ. ಆಧಾರ್ ಎಂದೆ, ಶೂ ಎಂದೆ, ಒಂಬತ್ತು ಗಂಟೆ ಎಂದೆ, ಪ್ಲೇಟಿನ ಅಳತೆಯನ್ನೂ ಹೇಳಿದೆ. ಗ್ರೈಂಡರಿನ ಮಾತು ಬಾಯಿಯವರೆಗೆ ಬಂತು. ಕೇಳಿದರೆ ಹೇಳೋಣ ಎಂದುಕೊಂಡೆ. ಗೊತ್ತಿಲ್ಲದ್ದನ್ನು ಯಾರಾದರೂ ಹೇಗೆ ಕೇಳುತ್ತಾರೆ? ಅವನು ಥ್ಯಾಂಕ್ಸ್ ಎಂದು ಫೋನ್ ಇಟ್ಟ.

ಮರುದಿನ ಅವನದ್ದು ನನ್ನ ಪಕ್ಕದ ಕ್ಯಾಬಿನ್. ನನ್ನ ಬೆಸುಗೆ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಕೂತಿತು. ಬ್ರಶ್ ಹಾಕಿ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ, ಅಭ್ಯಾಸಬಲದಿಂದ ಗ್ರೈಂಡರಿಗೆ ಹೋಗದಿರಲಿ ಎಂದು. ಅಷ್ಟರಲ್ಲಿ ಜೋಯ್‌ಸ್ಟನ್ ತನ್ನ ಪ್ಲೇಟನ್ನು ಇಕ್ಕುಳದಲ್ಲಿ ಹಿಡಿದುಕೊಂಡು ಉಜ್ಜುವ ಮೇಜಿನ ಹತ್ತಿರ ಬಂದ. ಮುಖ ಬೆವೆತಿತ್ತು. ಬೆಸುಗೆಯ ನಡುವೆ ಮೂರು ತೂತು, ಕೊನೆಯಲ್ಲೊಂದು. ಅದೇನೂ ಮುಳುಗಿಹೋಗುವ ತಪ್ಪಲ್ಲ. ಹಾಗೆಯೇ ಇಟ್ಟಿದ್ದರೆ ಅಂಕ ಕಳೆಯುತ್ತಿದ್ದರು, ಆದರೂ ದಾಟುತ್ತಿದ್ದ. ಅದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಪರೀಕ್ಷಕರು ಆಚೆ ಸಾಲಿನಲ್ಲಿದ್ದರು.

"ಒಮ್ಮೆ ಹಿಡಿ ಮಾರಾಯ್ತಿ," ಎಂದ. "ನಿನ್ನ ಕೈಯಲ್ಲಾದರೆ ಗೊತ್ತೇ ಆಗುವುದಿಲ್ಲ ಅಲ್ವಾ."

ಬೇಡ ಎನ್ನಲು ಒಂದು ಗಳಿಗೆ ಸಾಕಿತ್ತು. ಆ ಗಳಿಗೆಯಲ್ಲಿ ನನಗೆ ಪಡುಬಿದ್ರಿ ಕಂಡಿತು, ಅವನ ಬೆನ್ನು ತಟ್ಟುವ ಮೇಸ್ತ್ರಿ ಕಂಡರು. ಗ್ರೈಂಡರ್ ತೆಗೆದುಕೊಂಡೆ. ಸುತ್ತಲೂ ಅಂಚು ಉಜ್ಜುವವರ ಸದ್ದಿದ್ದುದರಿಂದ ಯಾರೂ ತಿರುಗಿ ನೋಡಲಿಲ್ಲ. ಆ ವರ್ಷ ನಾನು ಮಾಡಿದ ಕೆಲಸಗಳಲ್ಲೆಲ್ಲ ಅಚ್ಚುಕಟ್ಟಾದದ್ದು ಅದೇ. ಕನ್ನಡಿಯ ಹಾಗೆ ಮಾಡಿ ಕೊಟ್ಟೆ. ಅವನು ಬೆರಳಾಡಿಸಿ ನಕ್ಕ.

ಪರೀಕ್ಷಕರು ಅವನ ಪ್ಲೇಟನ್ನು ಬೆಳಕಿಗೆ ಹಿಡಿದು ಕೂಡ ನೋಡಲಿಲ್ಲ. ಬೆರಳಿನ ತುದಿಯಿಂದ ಬದಿಗೆ ಸರಿಸಿ, ಇದರಲ್ಲಿ ನೋಡಲು ಎಂತ ಉಂಟು ಎಂದರು. ನನ್ನದನ್ನು ಯಂತ್ರಕ್ಕೆ ಹಾಕಿ ಬಗ್ಗಿಸಿದರು, ಬಿರುಕು ಬಿಡಲಿಲ್ಲ. ಸಂಜೆ ಓದಿದ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಚೈತಾಲಿ. ಅವನದ್ದಿರಲಿಲ್ಲ. ಮುಂದಿನ ಪರೀಕ್ಷೆಗೆ ಆರು ತಿಂಗಳು ಕಾಯಬೇಕು. ಉಳಿದ ಹುಡುಗರು ಅವನನ್ನು ಸುತ್ತುಗಟ್ಟಿ, ನಿನ್ನೆ ಎರಡೆರಡು ಸಲ ಹೇಳಿದ್ದರಲ್ಲ, ಇವಳು ನಿನಗೆ ಹೇಳಲಿಲ್ಲವಾ ಎಂದು ಕೇಳುತ್ತಿದ್ದರು. ಅವನು ಒಮ್ಮೆ ನನ್ನ ಕಡೆ ನೋಡಿದ. ಆ ದಿನ ನಾನು ಅವನಿಗಿಂತ ಮೊದಲೇ ಹೊರಟುಬಿಟ್ಟೆ.

ಮಾರನೆಯ ದಿನ ವರ್ಕ್‌ಶಾಪಿಗೆ ಕಾಲಿಡುವಾಗಲೇ ಮೇಸ್ತ್ರಿ ಸಿಡಿಮಿಡಿಗೊಂಡಿದ್ದರು. ನೇರ ನನ್ನನ್ನೇ ಕೇಳಿದರು, ತರಗತಿಗೆ ಹೋದದ್ದು ನೀನು, ಇವನಿಗೆ ಹೇಳಿದ್ದೆಯೋ ಇಲ್ಲವೋ ಎಂದು. ನಾನು ಬಾಯಿ ತೆರೆಯುವ ಮೊದಲೇ ಜೋಯ್‌ಸ್ಟನ್ ನಡುವೆ ಬಂದ.

"ಅವಳು ಹೇಳಿದ್ದಳು. ಉಜ್ಜಬಾರದು ಅಂತ ಹೇಳಿದ್ದಳು. ನಾನೇ ಕೇಳಲಿಲ್ಲ."

ಮೇಸ್ತ್ರಿಯ ಸಿಟ್ಟು ಅಲ್ಲೇ ಇಳಿಯಿತು. ಅವನನ್ನು ನೋಡಿದ ಅವರ ಕಣ್ಣಿನಲ್ಲಿ ಬೈಗುಳ ಇರಲಿಲ್ಲ, ಮಗನನ್ನು ನೋಡುವ ಪ್ರೀತಿ ಇತ್ತು. ನಾನು ಸುಮ್ಮನಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಒಂದು ಸುಳ್ಳು ಹೇಳಿ ಅವನು ನನಗಿಂತ ದೊಡ್ಡವನಾಗಿ ನಿಂತಿದ್ದ, ಅದನ್ನು ನನಗೆ ಸಹಿಸಲಾಗಲಿಲ್ಲ. ಪಶ್ಚಾತ್ತಾಪ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಅದೂ ಹೊಟ್ಟೆಕಿಚ್ಚೇ.

"ನಾನು ಹೇಳಿರಲಿಲ್ಲ," ಎಂದೆ. "ಬೇಕೆಂದೇ ಹೇಳಲಿಲ್ಲ. ಉಜ್ಜಿ ಕೊಟ್ಟದ್ದೂ ನಾನೇ."

ಜೋಯ್‌ಸ್ಟನ್ ನೆಲ ನೋಡಿದ. ಮೇಸ್ತ್ರಿ ಮೇಜಿನ ಮೇಲಿದ್ದ ಗೋದಾಮಿನ ನಕ್ಷೆಯನ್ನು ಸುತ್ತಿ, ನನ್ನ ಮುಖ ನೋಡದೆ ನನ್ನ ಕಡೆ ಚಾಚಿದರು.

"ಸೋಮವಾರ ಎಂಟು ಗಂಟೆಗೆ ಪಡುಬಿದ್ರಿಗೆ ಹೋಗು. ಪಾಸಾದದ್ದು ನೀನಲ್ವಾ, ನನಗೆ ಬೇರೆ ದಾರಿ ಇಲ್ಲ."

ನಕ್ಷೆ ತೆಗೆದುಕೊಂಡೆ. ವರ್ಷವಿಡೀ ನಾನು ಬಯಸಿದ ಕೆಲಸ ನನ್ನ ಕೈಗೆ ಬಂದಿತ್ತು. ಮೇಸ್ತ್ರಿ ಜೋಯ್‌ಸ್ಟನ್‌ನ ಹೆಗಲ ಮೇಲೆ ಕೈ ಹಾಕಿ, ಬೆಳಿಗ್ಗೆ ಏನಾದರೂ ತಿಂದೆಯಾ ಎಂದು ಕೇಳಿದರು. ಅವನು ಇಲ್ಲ ಎಂದು ತಲೆಯಾಡಿಸಿದ. ಇಬ್ಬರೂ ಎದುರಿನ ಹೋಟೆಲಿಗೆ ಹೋದರು. ನಾನೂ ಏನೂ ತಿಂದಿರಲಿಲ್ಲ.