ತಾತ ಸುತ್ತದ ಸಿಗಾರ್

ನಮ್ಮ ಸಿಗಾರ್ ಪೆಟ್ಟಿಗೆಯೊಳಗೆ ಒಂದು ಚೀಟಿ ಇರುತ್ತದೆ. ‘ಮೊದಲ ಸಾವಿರ ಸಿಗಾರುಗಳನ್ನು ಸಂಸ್ಥಾಪಕರು ಸ್ವಂತ ಕೈಯಿಂದ ಸುತ್ತಿದರು, ಇಂದಿಗೂ ಅದೇ ಕೈಚಳಕ’ ಅಂತ. ಸಂಸ್ಥಾಪಕರು ಎಂದರೆ ನಮ್ಮ ತಾತ. ಬರೆದದ್ದು ಅಪ್ಪ. ಹದಿನೈದು ವರ್ಷ ಅದನ್ನು ಕಣ್ಣುಮುಚ್ಚಿ ನಂಬಿದ ಪೆದ್ದಿ ನಾನು.

ಆವತ್ತು ಬೆಳಿಗ್ಗೆ ನಮ್ಮ ಸಗಟು ವ್ಯಾಪಾರಿ ಬಂದರು. ನಮ್ಮ ಮುಕ್ಕಾಲು ಮಾಲು ಹೋಗುವುದು ಅವರಿಗೇ. ಮೇಜಿನ ಮೇಲೆ ಎರಡು ಸಿಗಾರ್ ಇಟ್ಟರು. ಒಂದು ಹೋದ ತಿಂಗಳದ್ದು, ಇನ್ನೊಂದು ತಾತನ ಕಾಲದ್ದು.

“ಹೊರಗಿನ ಎಲೆ ನೋಡಮ್ಮ. ಹಳೇದು ಎಡಕ್ಕೆ ಸುತ್ತಿದೆ, ನಿಮ್ಮದು ಬಲಕ್ಕೆ. ನನ್ನ ಹತ್ರ ಇರೋ ಹಳೇವೆಲ್ಲ ಹೀಗೇ. ಅದೇ ಕೈಚಳಕ ಅಂತ ಚೀಟೀಲಿ ಬರ್ಕೊಂಡಿದೀರಿ. ಸುಳ್ಳು ಹೇಳೋ ಮಾಲು ನಾನು ಮಾರಲ್ಲ.”

ಇವರು ಕೈಬಿಟ್ಟರೆ ಕಾರ್ಖಾನೆ ಮುಚ್ಚಿದ ಹಾಗೇ. ಸುತ್ತುವ ಆರು ಜನ, ಅಪ್ಪ, ನಾನು, ಎಲ್ಲರೂ ಬೀದಿಗೆ.

ಅಪ್ಪ ಕನ್ನಡಕ ಒರೆಸತೊಡಗಿದ. ಉತ್ತರ ಗೊತ್ತಿದ್ದೂ ಹೇಳಲಾಗದಿದ್ದರೆ ಅವನು ಮಾಡುವುದು ಇದನ್ನೇ. ನನಗೆ ಮೈಯೆಲ್ಲ ಉರಿಯಿತು.

“ಹೇಳಪ್ಪ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ?”

“ನಿನ್ನ ತಾತ ಒಂದೂ ಸುತ್ತಿದೋರಲ್ಲ,” ಎಂದ. “ಹೊಗೆ ಅಂದ್ರೇನೇ ಕೆಮ್ಮು ಅವರಿಗೆ. ಸುತ್ತಿದ್ದೆಲ್ಲ ನನ್ನಕ್ಕ. ಅವಳು ಎಡಚಿ, ಅದಕ್ಕೇ ಎಲೆ ಆ ಕಡೆ ತಿರುಗಿದೆ. ಇಪ್ಪತ್ತು ವರ್ಷದ ಹುಡುಗಿ ಸುತ್ತಿದ್ದು ಅಂದ್ರೆ ಯಾರೂ ಕೊಳ್ಳಲ್ಲ ಅಂತ ನಿನ್ನ ತಾತ ಅಂದ್ರು. ನಾನು ಹಾಗೇ ಬರೆದುಬಿಟ್ಟೆ.”

ಅಂದರೆ ಅತ್ತೆ. ಹಿಂದಿನ ಕೋಣೆಯಲ್ಲಿ ಎಲೆ ಆರಿಸುತ್ತಾ ಕೂರುವ ಅತ್ತೆ. ನಿಧಾನ ಅಂತ ನಾನು ದಿನಾ ಗೊಣಗುತ್ತಿದ್ದುದು ಇವರ ಮೇಲೆಯೇ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ, ಆದರೂ ಹೋಗಿ ಕರೆತಂದೆ.

ವಿಷಯ ಕೇಳಿ ಅತ್ತೆ ಸುತ್ತುವ ಹಲಗೆಯ ಮುಂದೆ ಕೂತು ಎಡಗೈಯಲ್ಲಿ ಬ್ಲೇಡು ಹಿಡಿದರು. ಎಲೆಯ ನಡುನರ ತೆಗೆದು, ಅಂಚು ಕತ್ತರಿಸಿ, ಸುತ್ತಿದರು. ಎಲೆ ಎಲ್ಲೂ ಸುಕ್ಕಾಗಲಿಲ್ಲ. ವ್ಯಾಪಾರಿ ಅದನ್ನು ಹಳೆಯದರ ಪಕ್ಕ ಇಟ್ಟು ತಿರುಗಿಸಿ ನೋಡಿದರು, ಎರಡೂ ಎಡಕ್ಕೇ ಸುತ್ತಿದ್ದವು.

“ಅದೇ ಕೈ,” ಎಂದರು. “ಚೀಟಿ ಸರಿಯಾಗಿ ಬರೀರಿ, ಈ ಅಮ್ಮನ ಹೆಸರು ಹಾಕಿ. ಉಳಿದೋರಿಗೆ ಇವರು ಕಲಿಸಲಿ. ನನ್ನ ಆರ್ಡರ್ ಎಲ್ಲೂ ಹೋಗಲ್ಲ.”

ಅಬ್ಬಾ, ಹೋದ ಜೀವ ಬಂದ ಹಾಗಾಯಿತು. ಅಪ್ಪನಂತೂ ಕುರ್ಚಿಯಲ್ಲಿ ಕುಸಿದು ಕೂತ. ಅವನ ಕಣ್ಣು ಒದ್ದೆಯಾಗಿತ್ತು. ಅಷ್ಟು ವರ್ಷದ ಭಾರ ಅವನಿಗೂ ಸಣ್ಣದಿರಲಿಲ್ಲ.

ವ್ಯಾಪಾರಿ ಹೊಸ ಸಿಗಾರನ್ನು ನೆನಪಿಗಿರಲಿ ಎಂದು ಜೇಬಿಗೆ ಹಾಕಿಕೊಳ್ಳಹೋದರು. ಅತ್ತೆ ತಡೆದರು.

“ಇಟ್ಕೋಬೇಡಿ, ಇಲ್ಲೇ ಸೇದಿ. ನಾನು ಸುತ್ತಿದ್ದು ಅಂತ ಗೊತ್ತಿದ್ದು ಯಾರೂ ಇದುವರೆಗೆ ಸೇದಿಲ್ಲ.”

ಅವರು ಹಚ್ಚಿದರು. ಅತ್ತೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಪೂರ್ತಿ ಮುಗಿಯುವವರೆಗೂ ನೋಡಿದರು. ಆರೂ ಜನ ಕೆಲಸ ಬಿಟ್ಟು ನಿಂತಿದ್ದರು, ನಾನು ಗದರಲಿಲ್ಲ.

“ಹೇಗಿತ್ತು?” ಎಂದು ಕೇಳಿದರು ಅತ್ತೆ.

“ತುಂಬಾ ಚೆನ್ನಾಗಿತ್ತಮ್ಮ.”

“ನಂಗೊತ್ತು,” ಎಂದರು ಅತ್ತೆ.