ಪುರಿತಾಳ ಮನೆಯ ಮೂರು ಬೆಂಕಿ

ಬೀದಿಯವರ ಒಲೆಗಳ ತುಕ್ಕನ್ನೆಲ್ಲ ಉಜ್ಜಿ ಕಪ್ಪಗೆ ಮಿಂಚುವಂತೆ ಮಾಡಿಕೊಟ್ಟ ಗಂಡ ತನ್ನ ಮನೆಯ ಒಲೆಯನ್ನು ಮಾತ್ರ ಮುಟ್ಟಲಿಲ್ಲ. ಲುದಿವಿನಾಳ, ಬೀದಿಯವರ ಬಾಯಲ್ಲಿ ಲುದಿಯ, ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ. ಒಲೆಯೊಂದರ ವಿಷಯವೇ ಆಗಿದ್ದರೆ ಅವಳು ಎರಡು ದಿನ ಪಾತ್ರೆ ಕುಕ್ಕಿ ಸುಮ್ಮನಾಗುತ್ತಿದ್ದಳು ಬಿಡಿ. ವಿಷಯ ಪುರಿತಾಳ ಮನೆ ಬಾಗಿಲಿಗೆ ಹೋಗಿ ನಿಂತಿತ್ತು.

ಗಂಡ ಫ್ರೊಯ್ಲಾನ್ ಮೂವತ್ತೆರಡು ವರ್ಷ ಬೆಟ್ಟದೂರು ಬಾಗಿಯೋದಲ್ಲಿ ಜನ ಸಾಗಿಸುವ ಜೀಪ್ನಿ ಗಾಡಿಗಳಿಗೆ ಬಣ್ಣ ಹೊಡೆದ ಮನುಷ್ಯ. ಕುದುರೆ, ಹದ್ದು, ಮೇರಿ ಮಾತೆ, ಮಾಲೀಕನ ಮಕ್ಕಳ ಹೆಸರು, ಏನು ಬರಿ ಅಂದರೂ ಗಾಡಿಯ ಮೈತುಂಬ ಬರೆದುಕೊಡುತ್ತಿದ್ದ. ಚಿತ್ರ ಗಿತ್ರ ಬೇಡದ ಬಿಳಿ ಬಸ್ಸುಗಳು ಬಂದು ಅವನ ಬಣ್ಣದ ಷೆಡ್ಡು ಮುಚ್ಚಿದ್ದೇ ತಡ, ಆಸಾಮಿ ಮಂಕಾಗಿಬಿಟ್ಟ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಮಂಜು ನೋಡುತ್ತ ಕೂತರೆ ಕೂತ. ಕೇಳಿದ್ದಕ್ಕೆ ಒಂದು ‘ಹ್ಞೂಂ’, ಕೇಳದಿದ್ದರೆ ಅದೂ ಇಲ್ಲ. ಹೀಗೆ ಎರಡು ವರ್ಷ. ಈ ಎರಡು ವರ್ಷದಲ್ಲಿ ಲುದಿ ಗಂಡನ ಜೊತೆ ಆಡಿದ ಮಾತಿಗಿಂತ ಕೋಳಿಗಳ ಜೊತೆ ಆಡಿದ ಮಾತೇ ಹೆಚ್ಚು.

ಈ ಅಕ್ಟೋಬರಿನಲ್ಲಿ ಪಕ್ಕದ ಮನೆಯವರು ಹುಟ್ಟುಹಬ್ಬಕ್ಕೆ ಮಾಂಸ ಸುಡುವ ಜಾಲರಿ ಒಲೆಯನ್ನು ಹೊರಗೆ ತೆಗೆದರು. ಅದು ತುಕ್ಕು ಹಿಡಿದು ಕೆಮ್ಮಣ್ಣಿನ ಹಾಗಾಗಿತ್ತು. ಫ್ರೊಯ್ಲಾನ್ ಷೆಡ್ಡಿನಲ್ಲಿ ಉಳಿದಿದ್ದ ಜೀಪ್ನಿ ಬಣ್ಣವನ್ನೇ ಅದಕ್ಕೆ ಹೊಡೆದುಕೊಟ್ಟ. ಕೆಂಡ ಬಿದ್ದ ಕೂಡಲೇ ಬಣ್ಣ ಕರಗಿ, ಟಯರು ಸುಟ್ಟ ವಾಸನೆ ಎದ್ದು, ಬಂದವರೆಲ್ಲ ಮೂಗು ಮುಚ್ಚಿಕೊಂಡು ನಕ್ಕರು. ಮರುದಿನ ಅವನು ಕಬ್ಬಿಣದಂಗಡಿಗೆ ಹೋಗಿ ಬೆಂಕಿಯ ಕಾವು ತಡೆಯುವ ಬಣ್ಣದ ಸ್ಪ್ರೇ ಡಬ್ಬಿ ತಂದ. ಕನ್ನಡಕ ಏರಿಸಿಕೊಂಡು ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಮೂರು ಸಲ ಓದಿದ. ತಂತಿ ಬ್ರಶ್ಶಿನಲ್ಲಿ ಹಳೇ ಬಣ್ಣ, ತುಕ್ಕು ಎಲ್ಲ ಕೆರೆದು ತೆಗೆದ. ಮಾಂಸ ತಾಗುವ ಕಂಬಿಗಳನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ತೆಳ್ಳಗೆ ಮೂರು ಸಲ ಹೊಡೆದ. ಒಲೆ ಅಂಗಡಿಯಿಂದ ಈಗಷ್ಟೇ ಇಳಿಸಿದ ಹಾಗೆ ಕಂಡಿತು.

ಅಲ್ಲಿಂದ ಶುರು ನೋಡಿ. ಪಾದ್ರಿಗಳ ಮನೆ ಒಲೆ, ಮೇಷ್ಟ್ರ ಮನೆ ಒಲೆ, ಕೆಳಬೀದಿಯ ಸಾಸೇಜು ಮಾರುವವಳ ಒಲೆ. ಮನುಷ್ಯನಿಗೆ ಜೀವ ಬಂತು. ಆದರೆ ಆ ಜೀವವೆಲ್ಲ ಬೀದಿಯಲ್ಲೇ ಖರ್ಚಾಗಿ, ಮನೆಗೆ ಬರುವಷ್ಟರಲ್ಲಿ ಮುಗಿದಿರುತ್ತಿತ್ತು.

“ನಮ್ಮ ಒಲೆ ಯಾವಾಗ?” ಅಂದರೆ, “ಮಾಡಣ” ಅನ್ನುವನು, ಅಷ್ಟೇ.

ಆಮೇಲೆ ಪುರಿತಾ ಕರೆದಳು. ಮೂಲೆಯ ಮರದ ಮನೆಯ ಪುರಿತಾ. ಗಂಡ ಸತ್ತು ಆರು ವರ್ಷ, ಕಾಲೇಜು ಹುಡುಗಿಯರಿಗೆ ಕೋಣೆ ಬಾಡಿಗೆ ಕೊಟ್ಟು ಬದುಕುವವಳು. ಮೆಲ್ಲಗೆ ಮಾತು, ಮೆಲ್ಲಗೆ ನಗು. ಅವಳ ಹಜಾರದಲ್ಲಿ ಹಳೇ ಕಾಲದ ಅಗ್ಗಿಷ್ಟಿಕೆಯೊಂದು ಗೋಡೆಯೊಳಗೆ ಕೂತಿದೆ, ಬೀಡುಕಬ್ಬಿಣದ್ದು. ಫ್ರೊಯ್ಲಾನ್ ಶನಿವಾರ ಅದನ್ನು ಉಜ್ಜಿದ, ಭಾನುವಾರ ಗೋಡೆಗೆ ಬಣ್ಣ ತಾಗದಿರಲಿ ಅಂತ ಸುತ್ತ ಕಾಗದ ಅಂಟಿಸಿದ, ಸೋಮವಾರ ಬಣ್ಣ ಹೊಡೆದ. ಹೋಗಲಿ, ಕೆಲಸ ಮುಗೀತಲ್ಲ ಅಂದುಕೊಂಡಳು ಲುದಿ. ಮಂಗಳವಾರ ಮಧ್ಯಾಹ್ನ ನೋಡಿದರೆ ಅವನು ಬಿಸಿನೀರು ಕಾಯಿಸಿಕೊಂಡು ಸ್ನಾನ ಮಾಡುತ್ತಿದ್ದಾನೆ!

“ಎಲ್ಲಿಗೆ ಹೊರಟ್ಯೋ ಮುದುಕಾ?”

“ಪುರಿತಾ ಮನೆಗೆ. ಮೊದಲ್ನೇ ಬೆಂಕಿ ಹಾಕ್ಬೇಕು.”

“ಬೆಂಕಿ ಹಾಕಕ್ಕೆ ಅವಳಿಗೆ ಕೈ ಇಲ್ವಾ?”

“ಹಂಗಲ್ಲ ಕಣೇ. ಬಣ್ಣ ಕಬ್ಬಿಣ ಹಿಡೀಬೇಕು ಅಂದ್ರೆ ಮೂರು ಬೆಂಕಿ ಕೊಡ್ಬೇಕು. ಇವತ್ತು ಸಣ್ಣದು, ನಾಳೆ ಮಧ್ಯಮ, ನಾಡಿದ್ದು ದೊಡ್ಡದು. ಪಕ್ಕದಲ್ಲೇ ಕೂತು ನೋಡ್ಕೋಬೇಕು. ಒಂದೇ ಸಲಕ್ಕೆ ಜೋರು ಮಾಡಿದ್ರೆ ಗುಳ್ಳೆ ಏಳುತ್ತೆ.”

“ಪಾದ್ರಿ ನಮಗೆ ಮದುವೆ ಮಾಡ್ಸಕ್ಕೆ ಅರ್ಧ ಗಂಟೆ ಸಾಕಾಯ್ತು. ಅವಳ ಬೆಂಕಿಗೂಡಿಗೆ ಮೂರು ದಿನ ಬೇಕಾ?”

ಫ್ರೊಯ್ಲಾನ್ ತಲೆ ಬಾಚಿಕೊಂಡ, ಭಾನುವಾರದ ಜಾಕೆಟ್ಟು ಹಾಕಿಕೊಂಡ, ಹೋದ. ಒಲೆ ಹಚ್ಚಲು ಯಾವನಾದರೂ ತಲೆ ಬಾಚಿಕೊಳ್ಳುತ್ತಾನೆಯೇ?

ಲುದಿ ತರಕಾರಿ ತರುವ ನೆಪದಲ್ಲಿ ಬೀದಿಗಿಳಿದಳು. ಬೀದಿಯ ತಿರುವಿನಲ್ಲಿ ತರಕಾರಿ ಮಾರುವ ಇಸಿಂಗ್ ಕೂತಿದ್ದಳು. ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಬೀದಿಗೆಲ್ಲ ಅವಳು ಅಕ್ಕ, ಬಾಯಿಯೂ ವಯಸ್ಸಿಗೆ ತಕ್ಕಷ್ಟು ದೊಡ್ಡದು.

“ಏನೇ ಲುದಿ, ನಿನ್ ಗಂಡ ಮದುಮಗನ ಥರ ಹೋದ್ನಲ್ಲೇ! ಸೋಪಿನ ವಾಸನೆ ಇಲ್ಲೀವರ್ಗೂ ಬಂತು.”

“ಕೆಲ್ಸಕ್ಕೆ ಹೋಗಿದಾನೆ ಅಕ್ಕಾ.”

“ಹ್ಞಾ, ಹ್ಞಾ, ಕೆಲ್ಸ. ನನ್ ಒಲೆ ಉಜ್ಜಕ್ಕೆ ಬಂದಾಗ ಹರಿದ ಅಂಗಿ ಹಾಕ್ಕೊಂಡು ಬಂದಿದ್ದ, ಪಾಪ. ನಾನೂ ಗಂಡ ಸತ್ತೋಳೇ ಅಲ್ವಾ? ನನ್ ಹಣೇಲಿ ಬರೀ ಹರಿದ ಅಂಗಿ!”

ಇಸಿಂಗ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಲುದಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ತೂಗಿಸಿಟ್ಟಿದ್ದ ಸೀಮೆಬದನೆಯನ್ನು ಅಲ್ಲೇ ಬಿಟ್ಟು ಸೀದಾ ಮೂಲೆಯ ಮನೆಯತ್ತ ನಡೆದಳು.

ಬಣ್ಣದ ಗಬ್ಬು ಹೊರಗೆ ಹೋಗಲಿ ಅಂತ ಪುರಿತಾಳ ಹಜಾರದ ಕಿಟಕಿಗಳೆಲ್ಲ ತೆರೆದಿದ್ದವು. ಬೇಲಿಯ ಬಳ್ಳಿ ದಟ್ಟವಾಗಿ ಬೆಳೆದಿತ್ತು, ಮೇಲಿಂದ ಮಂಜೂ ಇಳಿದಿತ್ತು. ಲುದಿ ಬಳ್ಳಿಯ ಹಿಂದೆ ಕಳ್ಳಿಯ ಹಾಗೆ ನಿಂತು ಇಣುಕಿದಳು. ಏನು ಕಂಡೀತೋ ಅಂತ ಎಲೆಗಳನ್ನು ಒಂದಿಷ್ಟು ಸರಿಸಿದಳು.

ಏನೂ ಇರಲಿಲ್ಲ. ಗೂಡಿನೊಳಗೆ ಬೊಗಸೆಯಷ್ಟು ಬೆಂಕಿ. ಈ ಕಡೆ ಮಣೆಯ ಮೇಲೆ ಫ್ರೊಯ್ಲಾನ್, ಆ ಕಡೆ, ಮಾರು ದೂರದಲ್ಲಿ, ಮೊರ ಹಿಡಿದು ಅಕ್ಕಿ ಆರಿಸುತ್ತಿರುವ ಪುರಿತಾ. ನಡುವೆ ಎರಡು ಲೋಟ ಕಾಫಿ.

ಆದರೆ ಫ್ರೊಯ್ಲಾನ್ ಮಾತಾಡುತ್ತಿದ್ದ. ಕೈ ಬೀಸಿ ಬೀಸಿ ಮಾತಾಡುತ್ತಿದ್ದ.

“…ಆ ಡ್ರೈವರು ಹೆಂಡ್ತಿ ಹೆಸ್ರು ಬರೀ ಅಂದ, ಬರ್ದೆ. ತಿಂಗಳಾಗಿಲ್ಲ, ಜಗಳ ಆಗಿದೆ, ಅಳಿಸು ಅಂದ. ಅಳಿಸ್ದೆ. ವಾರಕ್ಕೆ ಮತ್ತೆ ಬಂದ, ಬರೀ ಅಂದ!”

“ಆಮೇಲೆ?” ಅಂದಳು ಪುರಿತಾ.

“ಆಮೇಲೆ ನಾನು ಏನ್ ಮಾಡ್ದೆ ಗೊತ್ತಾ? ಒಂದು ತಗಡಿನ ಮೇಲೆ ಹೆಸ್ರು ಬರ್ದು, ಎರಡು ಮೊಳೆ ಹೊಡ್ದು ನೇತಾಕಿ ಕೊಟ್ಟೆ. ತೆಗೆದ್ರೆ ತೆಗಿ, ಹಾಕಿದ್ರೆ ಹಾಕು ಅಂತ!”

ಪುರಿತಾ ನಕ್ಕಳು. ಅವನೂ ನಕ್ಕ. ಆ ನಗು ಲುದಿಗೆ ಗೊತ್ತಿತ್ತು, ಎರಡು ವರ್ಷದಿಂದ ಮನೆಯಲ್ಲಿ ಹುಡುಕಿ ಹುಡುಕಿ ಸಿಗದಿದ್ದ ನಗು ಅದು. ಇಲ್ಲಿ ಬಂದು ಕೂತಿದೆ, ಇನ್ನೊಬ್ಬಳ ಮನೆಯಲ್ಲಿ, ಇನ್ನೊಬ್ಬಳ ಕಾಫಿ ಕುಡಿದುಕೊಂಡು! ಅವನು ಅವಳ ಕೈ ಹಿಡಿದಿದ್ದರೆ ಒಳಗೆ ನುಗ್ಗಿ ಇಬ್ಬರ ಜುಟ್ಟನ್ನೂ ಹಿಡಿಯಬಹುದಿತ್ತು, ಬೀದಿ ಸೇರಿಸಬಹುದಿತ್ತು. ಮಾತಾಡಿದ್ದಕ್ಕೆ ಯಾರ ಜುಟ್ಟು ಹಿಡಿಯುವುದು? ಲುದಿ ಬಳ್ಳಿಯ ಎಲೆಗಳನ್ನು ಹರಿದು ಹಾಕುತ್ತ ನಿಂತಳು, ಕಣ್ಣು ತುಂಬಿಕೊಂಡಿತು, ಮೂಗು ಒರೆಸಿಕೊಂಡು ಮನೆಗೆ ಬಂದಳು.

ಅವನು ಸಂಜೆ ಗುನುಗಿಕೊಂಡು ಬಂದ. ಊಟಕ್ಕೆ ಕೂತ.

“ಹೆಂಗಾಯ್ತು ಬೆಂಕಿ?” ಅಂದಳು ಲುದಿ.

“ಹ್ಞೂಂ” ಅಂದ.

ಆ ಒಂದು ಹ್ಞೂಂ ಅವಳ ತಲೆ ಕೆಡಿಸಿತು.

ಬುಧವಾರ ಬೆಳಿಗ್ಗೆ ಪುರಿತಾ ಚರ್ಚಿಗೆ ಹೋಗುತ್ತಾಳೆ, ಹುಡುಗಿಯರು ಕಾಲೇಜಿಗೆ ಹೋಗಿರುತ್ತಾರೆ, ಬಾಗಿಲಿಗೆ ಬೀಗ ಇರುವುದಿಲ್ಲ. ಬೀದಿಗೆಲ್ಲ ಗೊತ್ತಿದ್ದ ವಿಷಯ. ಲುದಿ ತನ್ನ ಹಿತ್ತಿಲಿಂದ ರಾಳ ತುಂಬಿದ ಪೈನ್ ಕಟ್ಟಿಗೆಯ ಒಂದು ಹೊರೆ ಹೊತ್ತುಕೊಂಡು, ಹಿಂಬದಿಯ ಮೆಟ್ಟಿಲು ಹತ್ತಿ ಒಳಗೆ ಹೋದಳು. ಎಲ್ಲವನ್ನೂ ಗೂಡಿಗೆ ತುರುಕಿ ಕಡ್ಡಿ ಗೀರಿದಳು. ಬೆಂಕಿ ಭಗ್ಗೆಂದಿತು. ಮೊದಲು ಹೊಗೆ, ಆಮೇಲೆ ಗಬ್ಬು, ಆಮೇಲೆ ಆ ನುಣುಪು ಕಪ್ಪಿನ ಮೇಲೆ ಒಂದೊಂದಾಗಿ ಗುಳ್ಳೆ ಎದ್ದವು, ಒಡೆದವು, ಸಿಪ್ಪೆ ಸುಲಿದ ಹಾಗೆ ಜೋತುಬಿದ್ದವು. ಲುದಿ ನೋಡುತ್ತ ನಿಂತಳು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಖುಷಿಯಾಯಿತು. ಉರಿ ತಗ್ಗಿದ ಮೇಲೆ ಕೆಂಡ, ಬೂದಿಯನ್ನೆಲ್ಲ ಬಕೆಟ್ಟಿಗೆ ಬಾಚಿಕೊಂಡು, ನಿನ್ನೆಯದೇ ಅನ್ನುವ ಹಾಗೆ ಒಂದು ಹಿಡಿ ಬೂದಿ ಬಿಟ್ಟು ಬಂದುಬಿಟ್ಟಳು.

ಮಧ್ಯಾಹ್ನ ಫ್ರೊಯ್ಲಾನ್ ಮತ್ತೆ ತಲೆ ಬಾಚಿಕೊಂಡು ಹೋದ. ಕಾಲು ಗಂಟೆಗೆಲ್ಲ ವಾಪಸ್ಸು ಬಂದ. ಜಾಕೆಟ್ಟು ಬಿಚ್ಚಲಿಲ್ಲ. ಕಿಟಕಿಯ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅವುಗಳನ್ನೇ ನೋಡಿದ.

“ಏನಾಯ್ತೋ?” ಅಂದಳು ಲುದಿ. ಅವಳಿಗೆ ಗೊತ್ತೇ ಇತ್ತಲ್ಲ.

“ಎಲ್ಲಾ ಎದ್ದು ಬಂದಿದೆ. ನಾನು ಸರಿಯಾಗಿ ಉಜ್ಜಿಲ್ಲ, ಇಲ್ಲಾ ದಪ್ಪ ಹೊಡ್ದಿದೀನಿ. ಗೊತ್ತಾಗ್ತಿಲ್ಲ.” ಅಂಗೈ ಮಗುಚಿ ನೋಡಿಕೊಂಡು ಹೇಳಿದ, “ಕೈ ಹೋಯ್ತು ಕಣೇ ನಂದು.”

“ಅವಳು ಏನಾದ್ರೂ ಅಂದ್ಳಾ?”

“ಇಲ್ಲ. ಪರವಾಗಿಲ್ಲ ಅಂದ್ಳು.”

ಅವನು ಡಬ್ಬಿ, ಬ್ರಶ್ಶು, ಕಾಗದ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಬಾಗಿಲ ಹೊರಗೆ ಇಟ್ಟ. ಗುಜರಿಯವನು ಬಂದರೆ ಕೊಟ್ಟುಬಿಡು ಅಂದ. ಅವತ್ತು ರಾತ್ರಿ ಅನ್ನ ಮುಟ್ಟಲಿಲ್ಲ. ಗುರುವಾರ ಲುದಿ ಉಪ್ಪಿನ ಹಂದಿಮಾಂಸದ ತುಂಡು ಹಾಕಿ ಕೋಳಿ ಸಾರು ಮಾಡಿದಳು, ಅವನಿಗೆ ಪ್ರಾಣ ಅದು. ಎರಡು ಚಮಚ ಕುಡಿದು ಬಟ್ಟಲು ಸರಿಸಿದ. ಮೇಷ್ಟ್ರು ಇನ್ನೊಂದು ಒಲೆಗೆ ಹೇಳಿಕಳಿಸಿದರೆ, ಬರಲ್ಲ ಅಂತ ಹೇಳಿಸಿದ. ಈಗ ಹ್ಞೂಂ ಕೂಡ ನಿಂತುಹೋಯಿತು.

ಪುರಿತಾಳ ಮನೆಗೆ ಅವನು ಹೋಗುತ್ತಿಲ್ಲ, ಅವಳ ಕಾಫಿ ಕುಡಿಯುತ್ತಿಲ್ಲ. ಲುದಿ ಬಯಸಿದ್ದೆಲ್ಲ ಆಗಿತ್ತು. ಗಂಡನನ್ನು ಪುರಿತಾಳಿಂದ ಬಿಡಿಸಿಕೊಂಡು ಬಂದು ನೋಡಿದರೆ, ಕೈಯಲ್ಲಿದ್ದದ್ದು ಬರೀ ಜಾಕೆಟ್ಟು.

ಶುಕ್ರವಾರ ಅವಳೇ ಕೇಳಿದಳು, “ನಮ್ಮ ಒಲೆಗಾದ್ರೂ ಹೊಡಿಯೋ. ಮನೇದೇ ಅಲ್ವಾ, ಕೆಟ್ರೆ ಕೆಡ್ಲಿ.”

“ಬೇಡ. ಕೆಟ್ಟೇ ಕೆಡುತ್ತೆ” ಅಂದ ಫ್ರೊಯ್ಲಾನ್. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಮೆತ್ತಗೆ ಅಂದ.

ಆ ಮೆತ್ತಗಿನ ಮಾತು ಶನಿವಾರ ಬೆಳಿಗ್ಗೆಯವರೆಗೆ ಲುದಿಯನ್ನು ಚುಚ್ಚುತ್ತಲೇ ಇತ್ತು. ಗುಜರಿಯವನ ಗಂಟೆಯ ಸದ್ದು ಕೆಳಬೀದಿಯಲ್ಲಿ ಕೇಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

“ಫ್ರೊಯ್ಲಾನ್, ಆ ಗೂಡು ಕೆಟ್ಟಿದ್ದು ನಿನ್ ಕೈಯಿಂದ ಅಲ್ಲ. ನನ್ ಕೈಯಿಂದ.”

ಅವನು ತಿರುಗಿ ನೋಡಿದ.

“ಬುಧವಾರ ಪುರಿತಾ ಚರ್ಚಿಗೆ ಹೋದಾಗ ನಾನು ಹೋಗಿ ಬೆಂಕಿ ಹಾಕ್ದೆ. ರಾಳದ ಕಟ್ಟಿಗೆ, ಒಂದು ಹೊರೆ.”

“ಒಂದು ಹೊರೆ?”

“ಹ್ಞೂಂ.”

“ರಾಳದ್ದು?”

“ಹ್ಞೂಂ ಅಂದ್ನಲ್ಲೋ!”

“ಎಷ್ಟೊತ್ತಿಗೆ ಗುಳ್ಳೆ ಎದ್ವು?”

ಲುದಿ ಬೈಗುಳಕ್ಕೆ ತಯಾರಾಗಿ ನಿಂತಿದ್ದಳು. ಈ ಪ್ರಶ್ನೆಗೆ ತಯಾರಾಗಿರಲಿಲ್ಲ. “ಗಡಿಯಾರ ನೋಡ್ಕೊಂಡು ಕೂತಿದ್ನಾ ನಾನು? ಹತ್ತು ನಿಮಿಷ ಇರ್ಬೋದು.”

“ಹತ್ತು ನಿಮಿಷ!” ಫ್ರೊಯ್ಲಾನ್ ಎದ್ದು ನಿಂತ. “ಒಂದೇ ಬೆಂಕಿ ಕಂಡಿದ್ದ ಬಣ್ಣ ಕಣೇ ಅದು, ಹಸೀ ಬಣ್ಣ! ಒಂದು ಹೊರೆ ರಾಳದ ಕಟ್ಟಿಗೆಗೆ ಹತ್ತು ನಿಮಿಷ ತಡ್ಕೊಂಡಿದೆ! ಹಂಗಾದ್ರೆ ನಾನು ಉಜ್ಜಿದ್ದು ಸರಿಯಾಗೇ ಇತ್ತು. ತೆಳ್ಳಗೇ ಹೊಡ್ದಿದ್ದೆ. ಸರಿಯಾಗೇ ಇತ್ತು!”

ಅವನ ಮುಖ ಬೆಳಗಿತು. ಬಾಗಿಲಾಚೆ ಇಟ್ಟಿದ್ದ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಮನೆಯ ಹಳೇ ಚಪ್ಪಲಿಯಲ್ಲೇ, ತಲೆ ಕೂಡ ಬಾಚಿಕೊಳ್ಳದೆ, ಮೂಲೆಯ ಮನೆಯ ಕಡೆ ಹೊರಟೇಬಿಟ್ಟ.

ಲುದಿ ಹೊಸಿಲಲ್ಲಿ ನಿಂತಳು. ಕೈ ಉಳಿಯಿತು ಅನ್ನುವುದೇ ದೊಡ್ಡದಾಯಿತು ಅವನಿಗೆ. ಹೆಂಡತಿ ಕಟ್ಟಿಗೆ ಹೊತ್ತುಕೊಂಡು ಇನ್ನೊಬ್ಬರ ಮನೆಗೆ ಕಳ್ಳಿಯ ಹಾಗೆ ನುಗ್ಗಿದಳಲ್ಲ, ಯಾಕೆ ಅಂತ ಕೇಳಬೇಡವೇ? ಅವಳ ಹತ್ತಿರ ಉತ್ತರ ಇತ್ತು. ಎರಡು ವರ್ಷದ್ದು ಇತ್ತು. ಅವನು ಕೇಳಲೇ ಇಲ್ಲ.

“ಏ ಮುದುಕಾ! ನಿಲ್ಲೋ!”

ಅವಳು ಬರಿಗಾಲಲ್ಲಿ ಓಡಿದಳು. ಇಸಿಂಗ್ ತಕ್ಕಡಿ ಎತ್ತಿದವಳು ಹಾಗೇ ನಿಂತಳು. ಫ್ರೊಯ್ಲಾನ್ ಬೀದಿಯ ನಡುವೆ ನಿಂತು ತಿರುಗಿದ.

“ಯಾಕೆ ಅಂತ ಕೇಳಲ್ವಾ ನನ್ನ?”

“ಯಾಕೆ?” ಅಂದ, ಹೇಳಿಕೊಟ್ಟ ಪಾಠದ ಹಾಗೆ.

“ಅವಳಿಗೆ ನಗ್ತಾ ನಗ್ತಾ ಹೇಳ್ತೀಯಲ್ಲ ಜೀಪ್ನಿ ಕತೆ, ಅದನ್ನ ನಂಗೆ ಯಾವತ್ತಾದ್ರೂ ಹೇಳಿದೀಯಾ? ನನ್ನ ಕಂಡ್ರೆ ಬಾಯಿಗೆ ಬೀಗ ಬೀಳುತ್ತಲ್ಲ, ನಾನೇನು ಗೋಡೆನಾ?” ಬೀದಿ ಕೇಳುತ್ತಿದೆ ಅನ್ನುವುದು ಲುದಿಗೆ ಗೊತ್ತಿತ್ತು. ಕೇಳಲಿ ಅಂದುಕೊಂಡಳು. ಅಳು ಒತ್ತರಿಸಿ ಬಂತು, ಅತ್ತಳು.

ಫ್ರೊಯ್ಲಾನ್ ನಿಜವಾಗಿಯೂ ತಬ್ಬಿಬ್ಬಾದ. ಚೀಲವನ್ನು ಕೆಳಗಿಟ್ಟ.

“ನಿಂಗೇನು ಹೇಳೋದೇ? ನಿಂಗೆಲ್ಲಾ ಗೊತ್ತಲ್ಲ. ದಿನಾ ನೀನೇ ಬುತ್ತಿ ತರ್ತಿದ್ದೆ ಷೆಡ್ಡಿಗೆ. ಆ ಡ್ರೈವರು ಬಂದಾಗ, ತಗಡು ನೇತಾಕ್ದಾಗ, ನೀನು ಅಲ್ಲೇ ಇದ್ದೆ. ನನ್ ಹತ್ರ ನೀನು ನೋಡ್ದೇ ಇರೋದು ಏನಿದೆ?”

ಅವನು ಸುಳ್ಳು ಹೇಳುತ್ತಿರಲಿಲ್ಲ. ಲುದಿ ಅಲ್ಲೇ ಇದ್ದಳು. ಅಲ್ಲೇ ಇದ್ದದ್ದಕ್ಕೆ ತನಗೆ ಹ್ಞೂಂ, ಅಲ್ಲಿ ಇಲ್ಲದವಳಿಗೆ ಕತೆ. ಹೊಟ್ಟೆಯೊಳಗಿನ ಉರಿ ಆರಲಿಲ್ಲ. ಆದರೆ ಅದು ಯಾರ ಮೇಲಿನದು ಅನ್ನುವುದು ಅವಳಿಗೆ ಈಗ ತಿಳಿಯದಾಯಿತು.

“ಆ ಗೂಡನ್ನ ನಾನೇ ಉಜ್ತೀನಿ” ಅಂದಳು, ಅಂಗಿಯ ತೋಳಲ್ಲೇ ಮುಖ ಒರೆಸಿಕೊಂಡು. “ಪುರಿತಾ ಹತ್ರ ತಪ್ಪಾಯ್ತು ಅಂತ್ಲೂ ನಾನೇ ಹೇಳ್ತೀನಿ. ಉಜ್ಜೋವಾಗ ಪಕ್ಕದಲ್ಲಿ ಕೂತು ನೀನು ಕತೆ ಹೇಳ್ಬೇಕು.”

“ಯಾವ್ದು ಹೇಳ್ಲೇ?”

“ಮೊದ್ಲಿಂದ ಹೇಳು” ಅಂದಳು ಲುದಿ. “ನಂಗೇನೂ ಗೊತ್ತಿಲ್ಲ ಅಂದ್ಕೊಂಡು ಹೇಳು.”